ಯಾರದೂ ಅಲ್ಲದ ಆಡು

"ಮೇಡಂ, ಜರಾ ಯೇ ಪಕಡಿಯೇ."

ಏಣಿಯ ಮೇಲಿದ್ದವನು ಕೆಳಗೆ ನೋಡದೆಯೇ ಪರದೆಯ ಒಂದು ಅಂಚನ್ನು ತಾರಾಳ ಕೈಗೆ ಇಳಿಬಿಟ್ಟ. ವಡೋದರಾದ ಆ ಮಕ್ಕಳ ವಾರ್ಡಿಗೆ ಅವಳು ಬಂದದ್ದೇ ಆ ಪರದೆಯ ಫೋಟೋ ತೆಗೆಯಲು. ಒಂದು ಕೈಯಲ್ಲಿ ಫೋನು, ಹೆಗಲಿನಲ್ಲಿ ಕರಿಯ ಬ್ಯಾಗು, ಇನ್ನೊಂದು ಕೈಯಲ್ಲಿ ಈಗ ಮೆತ್ತನೆಯ ಹತ್ತಿಬಟ್ಟೆ. ಬಟ್ಟೆಯ ತುಂಬ ಕಪ್ಪು ಬಿಳುಪಿನ ಮೇಕೆಯೊಂದು ಎರಡೇ ಕಾಲಿನ ಮೇಲೆ ನಿಂತು ಕುಣಿಯುತ್ತಿತ್ತು. ಕಡ್ಡಿಯಂಥ ಕಾಲು, ಬಟಾಣಿಯಂಥ ಕಣ್ಣು, ಗುಂಡಿ ಕಿತ್ತುಹೋದ ವೇಸ್ಟ್‌ಕೋಟು, ಮಡಿಚಿಕೊಂಡ ಒಂದು ಕಿವಿ.

ಅದರ ಹೆಸರು ಬಾಬಿನ್. ತಾರಾಳಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆ ಮೂರು ಪುಟದ ನೋಟೀಸಿನಲ್ಲಿ ಆ ಹೆಸರನ್ನು ಹದಿನಾಲ್ಕು ಸಲ ಟೈಪ್ ಮಾಡಿದ್ದಳು.

ಅಷ್ಟರಲ್ಲಿ ಮೇಲಿನಿಂದ ಒಂದು ಕಬ್ಬಿಣದ ಕೊಕ್ಕೆ ಜಾರಿ ಏಣಿಯ ಮೆಟ್ಟಿಲಿಗೆ ಬಡಿದು ಅವನ ಕಾಲ ಬೆರಳಿನ ಮೇಲೇ ಬಿತ್ತು.

"ಅಯ್ಯೋ ಮಾರಾಯ, ಸತ್ತೆ!"

ತಾರಾ ನಕ್ಕುಬಿಟ್ಟಳು. ತಡೆಯಬೇಕೆಂದು ನೆನಪಾಗುವ ಮೊದಲೇ ನಗು ಹೊರಗೆ ಬಂದಿತ್ತು.

"ಕನ್ನಡದವರಾ?"

ಅವನು ಈಗ ಕೆಳಗೆ ನೋಡಿದ. ಒಂದು ಹುಬ್ಬು ಮೇಲೇರಿತು, ಇನ್ನೊಂದು ನಿಂತಲ್ಲೇ ನಿಂತಿತು. ಅವಳ ಮುಖ, ಬ್ಯಾಗು, ಚಪ್ಪಲಿ, ಮತ್ತೆ ಮುಖ, ಹೀಗೆ ಒಂದು ಸುತ್ತು ಬಂದು ಅವನ ಕಣ್ಣು ಅಲ್ಲೇ ಉಳಿಯಿತು.

"ಕಾಲಿಗೆ ಪೆಟ್ಟಾದಾಗ ಮಾತ್ರ," ಎಂದ. "ಉಳಿದ ಟೈಮಲ್ಲಿ ಅರ್ಧ ಹಿಂದಿ, ಅರ್ಧ ಗುಜರಾತಿ. ನಾನು ಗುರುಕಿರಣ, ಸೂರತ್. ಅಪ್ಪ ಅಮ್ಮ ಕುಂದಾಪುರದವರು. ನೀವು ಆಸ್ಪತ್ರೆ ಟ್ರಸ್ಟ್ ಕಡೆಯವ್ರಲ್ವಾ? ಫೋಟೋ ತೆಗಿಲಿಕ್ಕೆ ಒಬ್ರು ಬರ್ತಾರೆ ಅಂತ ಸಿಸ್ಟರ್ ಹೇಳಿದ್ರು."

"ಫೋಟೋ ತೆಗೆಯೋಕೆ ಬಂದೆ, ಹೌದು," ಎಂದಳು ತಾರಾ.

ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಅದು ನಿಜವಲ್ಲ ಎಂಬುದು ಹೇಳಿದ ಕ್ಷಣವೇ ಅವಳಿಗೆ ತಿಳಿಯಿತು.

ತಾರಾ ಅಹಮದಾಬಾದಿನಲ್ಲಿ ವಕೀಲೆ. ಊರು ತುಮಕೂರು, ತಂದೆ ಚಂದ್ರಶೇಖರ ಅವರಿಗೆ ತೈಲ ಕಂಪನಿಯಲ್ಲಿ ಇಲ್ಲಿನ ಚಾಂದ್‌ಖೇಡಾ ಬಡಾವಣೆಗೆ ವರ್ಗವಾದಾಗ ಅವಳಿಗೆ ಹನ್ನೆರಡು ವರ್ಷ, ಈಗ ಮೂವತ್ತೊಂದು. ಅವಳ ಆಫೀಸು ಕಾಪಿರೈಟು, ಟ್ರೇಡ್‌ಮಾರ್ಕುಗಳ ಕೇಸು ನೋಡುತ್ತಿತ್ತು. ಬಾಬಿನ್ ಮೇಕೆ ತಮ್ಮ ಸ್ವತ್ತು ಎಂದು ಆಟಿಕೆ ಕಂಪನಿಯೊಂದು ಅವರ ಬಳಿ ಬಂದಿತ್ತು. ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದ ಬಟ್ಟೆ ಮಿಲ್ಲೊಂದು ಅದನ್ನು ಮಕ್ಕಳ ಬಟ್ಟೆಯ ಮೇಲೆ ಅಚ್ಚು ಹಾಕುತ್ತಿದೆ, ವಡೋದರಾದ ಆಸ್ಪತ್ರೆಯೊಂದರಲ್ಲಿ ಪರದೆಯಾಗಿಯೂ ತೂಗುಬಿಟ್ಟಿದೆ ಎಂಬುದು ಕಂಪನಿಯ ದೂರು. ಮಿಲ್ಲಿಗೆ ನೋಟೀಸು ಬರೆದು ಸಹಿ ಹಾಕಿ ಅಂಚೆಗೆ ಕೊಟ್ಟವಳು ತಾರಾ. ಮುಂದೆ ಕೋರ್ಟಿಗೆ ಹೋಗಬೇಕಾದರೆ ಸಾಕ್ಷಿ ಬೇಕಲ್ಲ, ಅದಕ್ಕೇ ಈ ಫೋಟೋ.

"ಈ ಮೇಕೆ ನಿಮಗೆ ಎಲ್ಲಿ ಸಿಕ್ಕಿತು?" ಕೇಳಿದಳು. ಧ್ವನಿ ಸಹಜವಾಗಿರುವಂತೆ ನೋಡಿಕೊಂಡಳು.

"ಮೇಕೆ ಅಲ್ಲ. ಆಡು."

"ನಮ್ಮ ಕಡೆ ಮೇಕೆ."

"ನಮ್ಮ ಮನೆಯಲ್ಲಿ ಆಡು. ಇಲ್ಲಿ ಮಕ್ಕಳಿಗೆ ಬಕರಿ. ಅದಕ್ಕೆ ಏನೂ ಬೇಜಾರಿಲ್ಲ, ಎಲ್ಲಾ ಹೆಸರಿಗೂ ಬರ್ತದೆ." ಅವನು ಏಣಿಯಿಂದ ಇಳಿದ. ಎತ್ತರ ಅಷ್ಟೇನಿಲ್ಲ, ಉಗುರಿನ ಸುತ್ತ ತೊಳೆದರೂ ಹೋಗದ ನೀಲಿ ಬಣ್ಣ. "ಪಿಚ್ಚರ್ ನೋಡ್ತೀರಾ? ಏಳೇ ನಿಮಿಷ."

ನೋಡಬಾರದಿತ್ತು. ನೋಡಿದಳು.

ಗೋಡೆಗೆ ಬಿಳಿ ಹಾಸು ಕಟ್ಟಿ, ಕೈಯಳತೆಯ ಪ್ರೊಜೆಕ್ಟರ್ ಹಚ್ಚಿದ. ಕಿಟಕಿಗಳ ಪರದೆ ಎಳೆದಾಗ ಹಗಲು ಹೊತ್ತಿನಲ್ಲೇ ವಾರ್ಡು ಸಣ್ಣ ಟಾಕೀಸಾಯಿತು. ಮಾತಿಲ್ಲದ ಹಳೇ ಚಿತ್ರ. ಆಡು ಒಬ್ಬ ಟೈಲರನ ಅಂಗಡಿಗೆ ನುಗ್ಗಿ ಒಂದು ರೀಲು ದಾರ ನುಂಗುತ್ತದೆ. ದಾರದ ತುದಿ ಬಾಯಿಂದ ಹೊರಗೇ ಉಳಿಯುತ್ತದೆ. ಟೈಲರು ಎಳೆಯುತ್ತಾನೆ, ಪೊಲೀಸು ಎಳೆಯುತ್ತಾನೆ, ಮದುವಣಗಿತ್ತಿ ಎಳೆಯುತ್ತಾಳೆ. ಇಡೀ ಊರು ದಾರ ಹಿಡಿದು ಆಡಿನ ಹಿಂದೆ ಓಡುತ್ತದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಬ್ಬಳು ಪುಟ್ಟಿ ನಕ್ಕು ನಕ್ಕು ದಿಂಬನ್ನು ಕಚ್ಚಿಕೊಂಡಳು.

"ಅವಳು ದಾಹೋದ್ ಕಡೆಯವಳು, ಅವರ ಮಾತೇ ಬೇರೆ," ಗುರುಕಿರಣ ಪಿಸುಗುಟ್ಟಿದ. "ಇಲ್ಲಿ ಯಾರ ಮಾತೂ ಅವಳಿಗೆ ಸರಿಯಾಗಿ ತಿಳಿಯಲ್ಲ. ಇದು ಮಾತ್ರ ಪೂರಾ ಅರ್ಥ ಆಗ್ತದೆ."

ಎರಡು ವರ್ಷದ ಹಿಂದೆ ಅವನ ಅಕ್ಕನ ಮಗಳು ಸ್ವಾತಿ ಇದೇ ವಾರ್ಡಿನಲ್ಲಿ ಮೂರು ತಿಂಗಳು ಮಲಗಿದ್ದಳಂತೆ, ಕಾಲಿನ ಆಪರೇಷನ್. ಆಗ ಅವಳನ್ನು ನಗಿಸಲು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದವನಿಗೆ ಈ ಚಿತ್ರ ಸಿಕ್ಕಿತು. ಸ್ವಾತಿ ಗುಣವಾಗಿ ಈಗ ಸ್ಕೂಲಿನಲ್ಲಿ ಓಡುತ್ತಾಳೆ. ಅವನು ಮಾತ್ರ ವಾರ್ಡಿಗೆ ಬರುವುದನ್ನು ಬಿಟ್ಟಿಲ್ಲ. ಸಚಿನ್‌ನ ಮಿಲ್ಲಿನಲ್ಲಿ ಅವನು ಡಿಸೈನರ್. ಆಡನ್ನು ಕೈಯಲ್ಲೇ ಬಿಡಿಸಿ, ಮಾಲೀಕರನ್ನು ಒಪ್ಪಿಸಿ, ಈ ಪರದೆಗಳನ್ನು ಅಚ್ಚು ಹಾಕಿಸಿದ್ದ.

"ಯಾರಾದ್ರೂ ಇದು ನಮ್ದು ಅಂದ್ರೆ?" ತಾರಾ ಕೇಳಿದಳು.

"ಹಂಗೆ ಅನ್ನಲಿಕ್ಕಿಲ್ಲ. ಇದು ಸಾವಿರದ ಒಂಬೈನೂರ ಇಪ್ಪತ್ತೇಳರದ್ದು. ಅದರ ಮುದ್ದತ್ತು ಮುಗೀತು. ಈಗ ಯಾರದೂ ಅಲ್ಲ." ಹಾಸಿನ ಬೆಳಕು ಅವನ ಕೆನ್ನೆಯ ಮೇಲೆ ಆಡುತ್ತಿತ್ತು. "ಯಾರದೂ ಅಲ್ಲ ಅಂದ್ರೆ ಎಲ್ರದ್ದೂ ಅಂತ ತಾನೇ?"

ಆ ಕ್ಷಣ ತಾರಾ ಹಾಸಿನ ಮೇಲಿನ ಆಡನ್ನು ಮೊದಲ ಸಲ ಸರಿಯಾಗಿ ನೋಡಿದಳು. ತನ್ನ ಫೈಲಿನಲ್ಲಿದ್ದ ಬಾಬಿನ್‌ಗೆ ಕೆಂಪು ಬೂಟು, ನೀಲಿ ಟೋಪಿ, ನೆಟ್ಟಗಿನ ಎರಡು ಕಿವಿ. ಅದು ಎಷ್ಟೋ ವರ್ಷಗಳ ನಂತರ ಬಂದ ಬಣ್ಣದ ಬಾಬಿನ್. ಪರದೆಯ ಮೇಲಿದ್ದದ್ದು ಇದು, ಮೊದಲಿನದು.

ಅವಳ ಎದೆ ಒಮ್ಮೆ ಹಗುರಾಗಿ, ಮರುಕ್ಷಣವೇ ಕುಸಿಯಿತು. ನೋಟೀಸು ಆಗಲೇ ಅಂಚೆಯಲ್ಲಿ ಸೂರತ್ತಿನ ದಾರಿ ಹಿಡಿದಿತ್ತು.

*

ಸಂಜೆಯ ರೈಲಿನಲ್ಲಿ ಅವಳು ತನ್ನ ಹಿರಿಯ ವಕೀಲೆ ಅರ್ಚಿತಾಬೆನ್ ಅವರಿಗೆ ಫೋನು ಮಾಡಿದಳು. ಅವರು ದೆಹಲಿಯಲ್ಲಿ ಒಂದು ಕೇಸಿನಲ್ಲಿದ್ದರು. "ಮಂಗಳವಾರ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡ," ಎಂದು ಅವಸರದಲ್ಲೇ ಇಟ್ಟರು. ಅದು ವೃತ್ತಿಯ ನಿಯಮ. ಎದುರಾಳಿಗೆ ನಮ್ಮ ಕೇಸಿನ ದೌರ್ಬಲ್ಯ ಹೇಳುವಂತಿಲ್ಲ.

ಆದರೆ ಎದುರಾಳಿಯ ಮೆಸೇಜಿಗೆ ಉತ್ತರ ಬರೆಯುವಂತಿಲ್ಲ ಎಂಬುದೂ ನಿಯಮವೇ. ಅದನ್ನು ಮಾತ್ರ ತಾರಾ ಮರೆತಂತೆ ಮಾಡಿದಳು.

ವಾರ್ಡಿನಿಂದ ಹೊರಡುವಾಗ ಅವನು ಅವಳ ಹೆಸರು, ಊರು, ನಂಬರು ಕೇಳಿ ಇಟ್ಟುಕೊಂಡಿದ್ದ; ಶನಿವಾರ ಬೆಳಿಗ್ಗೆ ಅವನ ಮೆಸೇಜು ಬಂತು, ಕನ್ನಡ ಮಾತು, ಇಂಗ್ಲಿಷ್ ಅಕ್ಷರ. ಫೋಟೋ ಹೇಗೆ ಬಂದಿದೆ ಮೇಡಂ?

ಅವಳು ಕನ್ನಡ ಅಕ್ಷರದಲ್ಲೇ ಬರೆದಳು: ಮೇಕೆ ಚೆನ್ನಾಗಿ ಬಂದಿದೆ.

ಹತ್ತು ನಿಮಿಷ ಕಳೆಯಿತು. ಆಮೇಲೆ: ಅಮ್ಮನ ಹತ್ರ ಓದಿಸಿದೆ. ಅಮ್ಮ ಹೇಳಿದ್ರು ಅದು ಆಡು ಅಂತ.

ಅವಳು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕಳು. ಹಾಲು ಉಕ್ಕಿತು.

ಭಾನುವಾರ ಅವನು ಒಂದು ಹಾಳೆಯ ಫೋಟೋ ಕಳಿಸಿದ. ನೀಲಿ ಇಂಕಿನಲ್ಲಿ, ದೊಡ್ಡದಾಗಿ, ಮಗುವಿನ ಅಕ್ಷರದಂತೆ: ತರಾ.

ದೀರ್ಘ ಬಿಟ್ಟಿದ್ದೀರಿ, ಎಂದಳು.

ಎಷ್ಟು ಉದ್ದ ಎಳೀಬೇಕು?

ಎಷ್ಟು ಧೈರ್ಯ ಇದೆಯೋ ಅಷ್ಟು.

ಕಳಿಸಿದ ಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಫೋನನ್ನು ದಿಂಬಿನ ಅಡಿ ತುರುಕಿ ಬಾಲ್ಕನಿಗೆ ಹೋದಳು, ಎರಡೇ ನಿಮಿಷಕ್ಕೆ ವಾಪಸು ಬಂದು ತೆಗೆದು ನೋಡಿದಳು. ಹೊಸ ಹಾಳೆ. ಈ ಸಲ ದೀರ್ಘ ಹಾಳೆಯ ಅಂಚಿನವರೆಗೂ ಎಳೆದಿತ್ತು.

ಸೋಮವಾರ ಅವನು ಕೇಳಿದ: ನೀವು ಮತ್ತೆ ವಡೋದರಾಕ್ಕೆ ಯಾವಾಗ ಬರ್ತೀರಿ? ಅಹಮದಾಬಾದಿಗೂ ಸೂರತ್ತಿಗೂ ಅದು ನಡುವೆ ಅಲ್ವಾ, ಯಾರಿಗೂ ದೂರ ಆಗಲ್ಲ.

ಈಗಲೇ ಹೇಳಿಬಿಡು, ಎಂದಿತು ಮನಸ್ಸು. ನಾನು ಟ್ರಸ್ಟಿನವಳಲ್ಲ, ನಾನು ವಕೀಲೆ, ನಾಳೆಯೋ ನಾಡಿದ್ದೋ ನಿಮ್ಮ ಕೈಗೆ ಒಂದು ಕಾಗದ ಬರುತ್ತದೆ. ಬೆರಳು ಅಕ್ಷರಗಳ ಮೇಲೆ ನಿಂತೇ ಇತ್ತು. ನಾಳೆ ಅರ್ಚಿತಾಬೆನ್ ಬರುತ್ತಾರೆ, ಎಲ್ಲ ಸರಿಹೋದ ಮೇಲೆ ನಗುತ್ತ ಹೇಳಬಹುದು ಎಂದುಕೊಂಡಳು.

ಸದ್ಯದಲ್ಲೇ, ಎಂದಷ್ಟೇ ಬರೆದಳು.

*

ಮಂಗಳವಾರ ಹನ್ನೊಂದು ಗಂಟೆಗೆ ಅವಳು ಅರ್ಚಿತಾಬೆನ್ ಅವರ ಕೋಣೆಯ ಹೊರಗೆ ಫೈಲು ಹಿಡಿದು ಕಾಯುತ್ತಿದ್ದಾಗ ಫೋನು ಬಂತು. ಮೊದಲ ಸಲ ಅವನ ದನಿ ಫೋನಿನಲ್ಲಿ. ಹಿಂದೆ ಮಿಲ್ಲಿನ ಯಂತ್ರಗಳ ಸದ್ದು.

"ತಾರಾ ಚಂದ್ರಶೇಖರ್, ಅಡ್ವೊಕೇಟ್. ಇದು ನೀವೇನಾ?"

ಗೋಡೆಗೆ ಒರಗಿದಳು. "ನಾನೇ."

"ಶುಕ್ರವಾರ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಂದ್ರೆ ಆ ಫೋಟೋ..."

"ಸಾಕ್ಷಿಗೆ."

"ಬರಾಬರ್," ಎಂದ ಅವನು. ಬೈದಿದ್ದರೆ ಸಹಿಸಬಹುದಿತ್ತು. "ಕೃತಿಚೋರ ಅಂತ ಬರ್ದಿದ್ದೀರಿ. ಮಾಲೀಕರು ಎಲ್ಲರ ಎದುರು ಓದಿದ್ರು. ನಾನು ಮನೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಒಂದೇ ಮಾತು ಕೇಳಿದ್ರು, ಮಗಾ, ಕದ್ದದ್ದು ಹೌದಾ ಅಂತ. ಮೂವತ್ತು ವರ್ಷದಲ್ಲಿ ಅಪ್ಪ ನನ್ನ ಹಂಗೆ ಕೇಳಿರಲಿಲ್ಲ."

"ಗುರುಕಿರಣ, ನಾನು ಈಗ ಏನೂ ಹೇಳೋ ಹಾಗಿಲ್ಲ, ಆದರೆ..."

"ಬೇಡ ಮೇಡಂ. ಮಿಲ್ಲಿಗೆ ತೊಂದ್ರೆ ಬೇಡ ಅಂತ ನಾನು ಕೆಲಸ ಬಿಟ್ಟೆ. ವಡೋದರಾಕ್ಕೆ ಹೋಗಿ ಪರದೆ ನಾನೇ ಬಿಚ್ತೇನೆ. ನೀವು ಇನ್ನು ಫೋಟೋ ತೆಗೆಯುವ ಕಷ್ಟ ಇಲ್ಲ."

ಫೋನು ಕಟ್ಟಾಯಿತು. ಒಳಗಿನಿಂದ ಅರ್ಚಿತಾಬೆನ್ ಕರೆದರು: "ತಾರಾ, ಆವ್, ದೀಕರಾ." ಬಾ, ಮಗಳೇ.

ಒಳಗೆ ಹೋಗಿ ತಾರಾ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ಚಿತ್ರ ಹಚ್ಚಿದಳು. ಮದುವಣಗಿತ್ತಿ ದಾರ ಎಳೆಯುವಲ್ಲಿ ಅರ್ಚಿತಾಬೆನ್ ಕನ್ನಡಕ ಹಣೆಗೇರಿಸಿ ನಕ್ಕರು. ಆಮೇಲೆ ತಾರಾ ಒಂದೊಂದೇ ಕಾಗದ ಇಟ್ಟಳು. ಮೊದಲ ಚಿತ್ರ ಬಂದು ತೊಂಬತ್ತೈದು ವರ್ಷ ದಾಟಿದೆ. ಬಿಡಿಸಿದ ಕಲಾವಿದ ತೀರಿಕೊಂಡು ಎಪ್ಪತ್ತು ವರ್ಷದ ಮೇಲಾಗಿದೆ. ಹುಟ್ಟಿದ ದೇಶದ ಕಾನೂನಿನಲ್ಲೂ ನಮ್ಮ ಕಾನೂನಿನಲ್ಲೂ ಆ ಕಪ್ಪು ಬಿಳುಪಿನ ಬಾಬಿನ್ ಸಾರ್ವಜನಿಕರ ಸ್ವತ್ತು. ನಮ್ಮ ಕಕ್ಷಿದಾರರ ಹಕ್ಕು ಕೆಂಪು ಬೂಟಿನ ಬಾಬಿನ್‌ಗೆ ಮಾತ್ರ. ಪರದೆಯಲ್ಲಿ ಬೂಟಿಲ್ಲ, ಟೋಪಿಯಿಲ್ಲ.

"ನೋಟೀಸು ಕಳಿಸುವ ಮೊದಲೇ ನಾನು ಇದನ್ನು ನೋಡಬೇಕಿತ್ತು," ಎಂದಳು. "ಕಂಪನಿಯವರು ಕೊಟ್ಟ ಕಾಗದವನ್ನೇ ನಂಬಿದೆ."

ಅರ್ಚಿತಾಬೆನ್ ಅವಳನ್ನೇ ನೋಡಿದರು. "ನಾನೂ ನೋಡದೆ ಕಳಿಸಲು ಹೇಳಿದೆ. ಅದಿರಲಿ. ಆ ಹುಡುಗನನ್ನು ಭೇಟಿಯಾದೆಯಾ?"

"ಆದೆ."

"ನೀನು ಯಾರೆಂದು ಹೇಳಿದೆಯಾ?"

"ಇಲ್ಲ."

"ಅದು ತಪ್ಪು."

"ಗೊತ್ತು."

"ಈ ಫೈಲಿನಿಂದ ನೀನು ಹೊರಗೆ. ಇದು ಮುಗಿಯುವವರೆಗೆ ಅವನಿಗೆ ಫೋನೂ ಇಲ್ಲ, ಮೆಸೇಜೂ ಇಲ್ಲ." ಸ್ವಲ್ಪ ತಡೆದು, ದನಿ ಇಳಿಸಿ ಕೇಳಿದರು: "ಏನಾದರೂ ಹೇಳುವುದಿದೆಯಾ?"

"ಒಂದೇ. ನೋಟೀಸು ಹಿಂದಕ್ಕೆ ತೆಗೆದುಕೊಂಡರೆ, ಅವರು ಕದ್ದಿಲ್ಲ ಅಂತ ಸ್ಪಷ್ಟವಾಗಿ ಬರೆಯಬೇಕು. ಸುಮ್ಮನೆ ವಾಪಸು ಅಂದರೆ ಸಾಲದು."

*

ಒಂಬತ್ತು ದಿನ.

ತಾರಾ ಬೇರೆ ಫೈಲುಗಳನ್ನು ಓದಿದಳು, ಓದಿದ್ದನ್ನೇ ಮತ್ತೆ ಓದಿದಳು. ಹಾಳೆಯ ಅಂಚಿನವರೆಗೂ ಎಳೆದ ಆ ದೀರ್ಘವನ್ನು ಫೋನಿನಲ್ಲಿ ಅಳಿಸಲೂ ಇಲ್ಲ, ತೆರೆಯಲೂ ಇಲ್ಲ. ಅದು ಇರುವ ಜಾಗ ಬೆರಳಿಗೆ ಗೊತ್ತಿತ್ತು, ಅಷ್ಟೇ.

ನಾಲ್ಕನೆಯ ದಿನ ತಂದೆ ಊಟದ ತಟ್ಟೆಯಿಂದ ತಲೆಯೆತ್ತಿ, "ಯಾಕಮ್ಮ, ಮೂರು ದಿನದಿಂದ ಉಪ್ಪಿಲ್ಲದ ಸಾರು ಮಾಡ್ತಿದ್ದೀಯ, ನಂಗೇನಾದ್ರೂ ಬಿಪಿ ಅಂತ ಡಾಕ್ಟರ್ ಹೇಳಿದ್ರಾ?" ಎಂದರು. ಅವಳು ನಗಲು ಹೋಗಿ ಅತ್ತುಬಿಟ್ಟಳು. ಚಂದ್ರಶೇಖರ ಅವರು ಕೈ ತೊಳೆದು ಬಂದು ಪಕ್ಕದಲ್ಲಿ ಕೂತರು. ಅವಳು ಎಲ್ಲ ಹೇಳಿದಳು, ಆಡಿನಿಂದ ಹಿಡಿದು 'ಬರಾಬರ್'ವರೆಗೆ.

"ಅವನು ನಿಜ ಹೇಳಿದ, ನೀನು ಹೇಳ್ಲಿಲ್ಲ. ವಿಷಯ ಇಷ್ಟೇ ತಾನೇ?"

"ಇಷ್ಟೇ."

"ಹಾಗಾದ್ರೆ ಹೋಗಿ ಹೇಳು. ಫೋನಲ್ಲಿ ಅಲ್ಲ."

"ಕೇಸು ಮುಗಿಯೋವರೆಗೂ ಹೋಗೋ ಹಾಗಿಲ್ಲಪ್ಪ."

"ಸರಿ, ಮುಗಿಯಲಿ. ಅಲ್ಲೀವರೆಗೂ ಸಾರು ನಾನು ಮಾಡ್ತೀನಿ."

ಹತ್ತನೆಯ ದಿನ ಮಧ್ಯಾಹ್ನ ಅರ್ಚಿತಾಬೆನ್ ಅವಳ ಮೇಜಿನ ಹತ್ತಿರ ಬಂದು ನಿಂತರು. "ಕಂಪನಿ ಒಪ್ಪಿತು. ನೋಟೀಸು ವಾಪಸು. ಷರತ್ತಿಲ್ಲ. ಮಿಲ್ಲಿಗೆ ಕಾಗದ ನಿನ್ನೆಯೇ ಇಮೇಲಿನಲ್ಲಿ ಹೋಯಿತು, ನೀನು ಕೇಳಿದ ಸಾಲೂ ಇದೆ. ಇವತ್ತು ಫೈಲು ಮುಚ್ಚಿದೆ." ಹೊರಟವರು ತಿರುಗಿ, "ನಾಳೆ ನಿನಗೆ ರಜೆ ಬೇಕಿರಬೇಕಲ್ಲ?" ಎಂದರು.

ತಾರಾ ಟೆರೇಸಿಗೆ ಹೋದಳು. ಕೆಳಗೆ ಆಶ್ರಮ ರಸ್ತೆಯಲ್ಲಿ ಆಟೋಗಳು ಒಂದರ ಮೇಲೊಂದು ಹಾರ್ನು ಬಾರಿಸುತ್ತಿದ್ದವು. ಅವಳು ಒಂದು ಉಸಿರು ಬಿಟ್ಟಳು, ಅದು ಮುಗಿಯಲೇ ಇಲ್ಲ. ಹತ್ತು ದಿನ ಹಿಡಿದಿಟ್ಟದ್ದೆಲ್ಲ ಹೊರಗೆ ಹೋಗಿ, ಕೊನೆಗೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಕೂತುಬಿಟ್ಟಳು.

ಅವನು ಕಳ್ಳನಲ್ಲ. ಇನ್ನು ಅವನು ತನ್ನ ಜೊತೆ ಮಾತಾಡದಿದ್ದರೂ, ಅದೊಂದು ಉಳಿಯಿತು.

*

ಸೂರತ್ತಿನ ಉಧ್ನಾದ ಮುಖ್ಯ ರಸ್ತೆಯಲ್ಲಿ, ಮಗ್ಗಗಳ ಖಡಖಡದ ನಡುವೆ, ಗುರುಕಿರಣ ಮೆಸೇಜಿನಲ್ಲಿ ಹೇಳಿದ್ದ ಅವನ ಅಪ್ಪ ಅಮ್ಮನ ಹೋಟೆಲು ಪಂಚಮಿ ಲಂಚ್ ಹೋಮ್ ಹುಡುಕುವುದು ಕಷ್ಟವಾಗಲಿಲ್ಲ. ದೂರದಿಂದಲೇ ಸಾಂಬಾರಿನ ವಾಸನೆ. ಬೆಳಗಿನ ಜನ ಖಾಲಿಯಾಗಿ ಊಟದ ಜನ ಬರುವ ಮೊದಲಿನ ಹೊತ್ತು. ತಾರಾ ಬಾಗಿಲಲ್ಲೇ ನಿಂತಳು.

ಗೋಡೆಯ ಮೇಲೆ ಗಣಪತಿಯ ಫೋಟೋ. ಅದರ ಕೆಳಗೆ, ಇಡ್ಲಿ ವಡೆಯ ಪಟ್ಟಿಗಿಂತ ಮೇಲೆ, ಪ್ಲಾಸ್ಟಿಕ್ಕು ಹೊದಿಸಿ ಮೊಳೆ ಹೊಡೆದ ಒಂದು ಕಾಗದ. ಅವಳ ಆಫೀಸಿನ ಕಾಗದ. ಅದರ ಪ್ರತಿ ಮಿಲ್ಲಿನಿಂದ ಬಂದಿರಬೇಕು. ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ: ಈ ವಿನ್ಯಾಸಕಾರರು ಯಾರ ಕೃತಿಯನ್ನೂ ಕದ್ದಿಲ್ಲ.

"ಬನ್ನಿ ಬನ್ನಿ, ಕೂತ್ಕೊಳ್ಳಿ," ಕೌಂಟರಿನ ಹಿಂದಿನಿಂದ ಒಬ್ಬ ಹೆಂಗಸು ಬಂದರು. ಹಣೆಯಲ್ಲಿ ದೊಡ್ಡ ಕುಂಕುಮ, ಸೆರಗು ಸೊಂಟಕ್ಕೆ. ಗುರುಕಿರಣನ ಒಂದು ಹುಬ್ಬು ಮೇಲೇರುವುದು ಎಲ್ಲಿಂದ ಬಂತೆಂದು ತಾರಾಳಿಗೆ ಆಗಲೇ ತಿಳಿಯಿತು. ತಾಯಿ ರತ್ನಮ್ಮ. "ಅದು ಓದ್ತಾ ಇದ್ದೀರಾ? ನಮ್ಮ ಮಗನದ್ದು. ಇವ್ರು, ಇವ್ನ ಅಪ್ಪ, ನಿನ್ನೆಯಿಂದ ಬಂದವ್ರಿಗೆಲ್ಲಾ ಅದನ್ನ ಓದಿಸಿಯೇ ದೋಸೆ ಕೊಡುದು. ಆ ಮೊದಲನೇ ಕಾಗ್ದ ಬರ್ದಳಲ್ಲ, ಅವ್ಳು ಎಂಥ ಹೆಂಗ್ಸೋ ಮಾರಾಯ್ತಿ, ನನ್ನ ಮಗ ಹತ್ತು ದಿನ ಸಮ ಉಂಡ್ಲಿಲ್ಲ."

ತಾರಾ ಕೂರಲಿಲ್ಲ. "ಆ ಹೆಂಗಸು ನಾನೇ ಅಮ್ಮ."

ರತ್ನಮ್ಮನ ಕೈಯಲ್ಲಿದ್ದ ನೀರಿನ ಲೋಟ ಮೇಜಿಗೂ ಗಾಳಿಗೂ ನಡುವೆ ನಿಂತಿತು. ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು. ಅಹಮದಾಬಾದಿನಿಂದ ಬೆಳಿಗ್ಗೆ ಬೇಗನೆ ಹೊರಟ ಮುಖ, ಒಣಗಿದ ತುಟಿ. ಲೋಟ ಕೊನೆಗೂ ಮೇಜು ಮುಟ್ಟಿತು.

"ತಿಂಡಿ ಆಯ್ತಾ?" ಕೇಳಿದರು.

"ಇಲ್ಲ."

"ಹೊಟ್ಟೆ ಖಾಲಿ ಇಟ್ಕೊಂಡು ಇಂಥ ಮಾತೆಲ್ಲ ಆಡ್ಬಾರ್ದು. ಕೂತ್ಕೋ." ಒಳಗೆ ತಿರುಗಿ ಕೂಗಿದರು: "ಗುರು! ಒಂದು ನೀರ್‌ದೋಸೆ ತಕೊಂಡು ಬಾ. ನೀನೇ ತಕೊಂಡು ಬಾ!"

ಗುರುಕಿರಣ ತಟ್ಟೆ ಹಿಡಿದು ಬಂದವನು ಅರ್ಧ ದಾರಿಯಲ್ಲೇ ನಿಂತ. ಕೈಯಲ್ಲಿ ಹಿಟ್ಟು; ಉಗುರಿನ ನೀಲಿ ಸ್ವಲ್ಪ ಮಾಸಿತ್ತು. ಮುಖ ಸೊರಗಿತ್ತು. ಅವನು ಅವಳನ್ನು ನೋಡಿದ, ಆಮೇಲೆ ಬೇಕೆಂದೇ ದೋಸೆಯನ್ನು ನೋಡಿದ. ರತ್ನಮ್ಮ ಚಟ್ನಿಯ ನೆಪ ಹೇಳಿ ಒಳಗೆ ಹೋದರು.

"ನಾನು ಕ್ಷಮೆ ಕೇಳೋಕೆ ಬಂದೆ," ತಾರಾ ಹೇಳಿದಳು. "ನೋಟೀಸಿಗಲ್ಲ. ಅದು ನನ್ನ ಕೆಲಸದ ತಪ್ಪು, ಆಫೀಸು ತಿದ್ದಿತು. ಶುಕ್ರವಾರದಿಂದ ಮಂಗಳವಾರದವರೆಗೆ ನಿಮ್ಮ ಜೊತೆ ನಗ್ತಾ ನಗ್ತಾ ಸುಮ್ಮನಿದ್ದೆನಲ್ಲ, ಅದಕ್ಕೆ. ಅದಕ್ಕೆ ಯಾವ ನಿಯಮವೂ ನೆಪ ಅಲ್ಲ. ನಾನು ಹೆದರಿದೆ. ಹೇಳಿದರೆ ನೀವು ಮೆಸೇಜು ಮಾಡೋದು ನಿಲ್ಲಿಸ್ತೀರಿ ಅಂತ."

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ. ಎದುರು ಕುರ್ಚಿಯ ಬೆನ್ನು ಹಿಡಿದು ನಿಂತ, ಕೂರಲಿಲ್ಲ.

"ನಂಗೆ ಸಿಟ್ಟು ಬಂದದ್ದು ನೋಟೀಸಿಗೆ ಅಲ್ಲ," ಎಂದ ನಿಧಾನವಾಗಿ. "ನೋಟೀಸ್ ಕಳ್ಸುವವರು ಕಳ್ಸ್ತಾರೆ. ನಂಗೆ ಅನ್ಸಿದ್ದು, ಆ ನಾಲ್ಕು ದಿನ ಸುಳ್ಳಾ ಅಂತ. ಪರದೆ ಬಿಚ್ಚುವಾಗ ಆ ಪುಟ್ಟಿ ಕೇಳಿದ್ಳು, ಬಕರಿ ಎಲ್ಲಿಗೆ ಹೋಗ್ತದೆ ಅಂತ. ಅವಳಿಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ. ನಿಮಗೆ ಫೋನ್ ಮಾಡಿ ಕೇಳುವ ಅನ್ಸಿತು. ಅದೇ ಕಷ್ಟ ಆದದ್ದು. ಸಿಟ್ಟು ನಿಮ್ಮ ಮೇಲೆ, ನೆನಪಾದದ್ದೂ ನಿಮ್ಮನ್ನೇ."

"ಆ ನಾಲ್ಕು ದಿನ ಸುಳ್ಳಲ್ಲ," ತಾರಾ ಹೇಳಿದಳು. "ನಾನು ಹೇಳದೇ ಇದ್ದದ್ದು ಒಂದು. ಹೇಳಿದ್ದೆಲ್ಲ ನಿಜ."

ಗಣಪತಿಯ ಕೆಳಗಿನ ಕಾಗದವನ್ನು ಅವನು ತೋರಿಸಿದ. "ಆ ಸಾಲು ನೀವು ಹೇಳಿ ಬರೆಸಿದ್ದಾ?"

ಅವಳು ಹೌದೆಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿದ್ದು ಅವನಿಗೆ ಕಾಣಿಸಿತು.

ಗುರುಕಿರಣ ಕುರ್ಚಿ ಎಳೆದು ಕೂತ. ಹತ್ತು ದಿನದ ಬಿಗಿ ಅವನ ಭುಜದಿಂದ ಇಳಿಯುವುದನ್ನು ಅವಳು ಕಣ್ಣಾರೆ ಕಂಡಳು.

"ಅಪ್ಪ ಅದನ್ನ ಓದಿ ಏನೂ ಹೇಳ್ಲಿಲ್ಲ," ಎಂದ. "ಸುಮ್ಮನೆ ಸುತ್ತಿಗೆ ತಕೊಂಡ್ರು." ಆಮೇಲೆ ಮೊದಲ ಸಲ ನಕ್ಕ. "ದೋಸೆ ತಣ್ಣಗಾಗ್ತಾ ಉಂಟು. ತಿನ್ನಿ. ನಾನೇ ಹೊಯ್ದದ್ದು, ಸ್ವಲ್ಪ ದಪ್ಪ ಆಗಿದೆ. ಮಿಲ್ಲಿನವರು ವಾಪಸ್ ಕರ್ದಿದ್ದಾರೆ, ಹಾಗಾಗಿ ನಮ್ಮ ಗಿರಾಕಿಗಳು ಬಚಾವ್."

ದೋಸೆ ನಿಜಕ್ಕೂ ದಪ್ಪವಿತ್ತು. ಅವಳು ಮೂರು ತಿಂದಳು. ತಿನ್ನುವಾಗೆಲ್ಲ ಅವನು ನೋಡುತ್ತಿದ್ದ. ಅವಳು ತಲೆಯೆತ್ತಿದಾಗ ಮಾತ್ರ ಚಟ್ನಿಯ ಬಟ್ಟಲನ್ನು ಸರಿಪಡಿಸುತ್ತಿದ್ದ. ಬಟ್ಟಲು ಮೇಜಿನ ಉದ್ದಕ್ಕೂ ಓಡಾಡಿತು. ಒಳಗಿನಿಂದ ರತ್ನಮ್ಮ ಯಾರಿಗೋ, "ಈಗ ಆರ್ಡರ್ ತಕೊಂಡು ಹೊರಗೆ ಹೋಗ್ಬೇಡಿ, ಸ್ವಲ್ಪ ನಿಲ್ಲಿ," ಎನ್ನುವುದು ಕೇಳಿಸಿತು.

*

ಮೂರೂವರೆಯ ಗಾಡಿಗೆ ಅವನು ಅವಳನ್ನು ಉಧ್ನಾ ಸ್ಟೇಷನ್ನಿಗೆ ಕರೆತಂದ. ಪ್ಲಾಟ್‌ಫಾರ್ಮಿನಲ್ಲಿ ಬಟ್ಟೆಯ ಮೂಟೆಗಳ ಸಾಲು. ಅವುಗಳಲ್ಲಿ ಒಂದರ ಮೇಲೆ ಇಬ್ಬರೂ ಕೂತರು. ನಡುವೆ ಒಂದು ಗೇಣು ಜಾಗ. ಬಿಸಿಲು ಹಳಿಗಳ ಮೇಲೆ ಮಿನುಗುತ್ತಿತ್ತು.

ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ಮೂರನೆಯ ಸಲ ತಾರಾ ಹೇಳಿದಳು, "ಗಾಡಿ ಬರೋಕೆ ಆರು ನಿಮಿಷ ಇದೆ."

"ಗೊತ್ತು. ಒಂದು ಮಾತು ಹೇಳ್ಬೇಕು. ಕನ್ನಡದಲ್ಲಿ ಅದನ್ನ ಹೇಗೆ ಹೇಳುದು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ಅಮ್ಮ ಕನ್ನಡದಲ್ಲಿ ಹೇಳುದು ಊಟ ಮಾಡು, ತಲೆಗೆ ಎಣ್ಣೆ ಹಾಕು, ಇಷ್ಟೇ."

"ಬರೋ ಭಾಷೆಯಲ್ಲಿ ಹೇಳಿ."

ಅವನು ಹಳಿಗಳನ್ನು ನೋಡಿದ. ಆಮೇಲೆ, ತಪ್ಪಿಸಿಕೊಳ್ಳದೆ, ಅವಳ ಕಣ್ಣನ್ನು.

"ಮನೆ ತಮೆ ಗಮೋ ಛೋ."

ನನಗೆ ನೀವು ಇಷ್ಟ. ಹತ್ತೊಂಬತ್ತು ವರ್ಷ ಈ ನಾಡಿನಲ್ಲಿದ್ದವಳಿಗೆ ಅರ್ಥ ಹೇಳಬೇಕಾಗಿರಲಿಲ್ಲ. ಆದರೂ ಮೊದಲ ಪದ ಅವಳ ಕಿವಿಗೆ ಗುಜರಾತಿಯಾಗಿ ಬೀಳಲಿಲ್ಲ.

"ಮನೆನಾ?" ಎಂದಳು, ತುಟಿಯಂಚಿನಲ್ಲಿ ನಗು ಅದುಮಿಕೊಂಡು. "ಇಷ್ಟ ಅಂತ ಹೇಳೋ ಮೊದಲೇ ಮನೆ ತನಕ ಬಂದುಬಿಟ್ರಾ?"

ಅವನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಕಿವಿಯ ತುದಿಯವರೆಗೂ ಕೆಂಪಾದ. "ಅಲ್ಲ, ಅದು ಗುಜರಾತಿ ಮನೆ, ಅಂದ್ರೆ ನಂಗೆ ಅಂತ... ಕನ್ನಡದ ಮನೆ ಅಲ್ಲ... ಆದ್ರೂ ನಡೀತದೆ. ನಿಮಗೆ ಬೇಜಾರಿಲ್ಲ ಅಂದ್ರೆ, ಅದೂ ನಡೀತದೆ."

ದೂರದಲ್ಲಿ ಗಾಡಿಯ ಕೂಗು. ಮೂಟೆಗಳ ಹತ್ತಿರ ಮಲಗಿದ್ದ ಕೂಲಿಗಳು ಎದ್ದರು. ತಾರಾ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು, ನಡುವಿನ ಒಂದು ಗೇಣು ಜಾಗವನ್ನು ತಾನೇ ದಾಟಿ ಅವನ ಕೈ ಹಿಡಿದಳು. ಅಂಗೈಗೆ ಇನ್ನೂ ಹಿಟ್ಟಿನ ವಾಸನೆಯಿತ್ತು.

"ಮನೆ ಪಣ್," ಎಂದಳು. ನನಗೂ.

ಗಾಡಿ ಬಂದು ನಿಂತಿತು. ಅವನು ಅವಳ ಕೈ ಬಿಡಲಿಲ್ಲ, ಬ್ಯಾಗೂ ಕೇಳಲಿಲ್ಲ. ಅವಳ ಹಿಂದೆಯೇ ಜನರಲ್ ಡಬ್ಬಿ ಹತ್ತಿದ.

"ನೀವೆಲ್ಲಿಗೆ?"

"ವಡೋದರಾದವರೆಗೆ. ಪುಟ್ಟಿ ಇನ್ನೂ ಡಿಸ್ಚಾರ್ಜ್ ಆಗ್ಲಿಲ್ಲ, ವಿಸಿಟಿಂಗ್ ಟೈಮ್ ಏಳರವರೆಗೆ ಉಂಟು." ಒಂದು ಹುಬ್ಬು ಮೇಲೇರಿತು. "ಹಂಗೆ ಗಾಡಿ ಮುಂದೆ ಅಹಮದಾಬಾದಿಗೂ ಹೋಗ್ತದಲ್ಲ. ನಿಮ್ಮ ಅಪ್ಪ ಭಾನುವಾರ ಮನೆಯಲ್ಲಿ ಇರ್ತಾರಾ?"

"ಇರ್ತಾರೆ. ಆದರೆ ಈಗ ಸಾರು ಅವರೇ ಮಾಡ್ತಿದ್ದಾರೆ. ಧೈರ್ಯ ಇದ್ದರೆ ಬನ್ನಿ."

ಅವನು ಗಟ್ಟಿಯಾಗಿ ನಕ್ಕ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಇಬ್ಬರನ್ನೂ ನೋಡಿ, ಏನೂ ಕೇಳದೆ, ಸ್ವಲ್ಪ ಸರಿದು ಜಾಗ ಕೊಟ್ಟರು.